ಹತ್ತು ನಿಮಿಷದ ನಾಟಕಕ್ಕೆ ಒಂದು ಬೇಡಿಕೆ ಸಾಕು

ಒಂಟಿತನ, ಆಸ್ತಿ ಜಗಳ, ತಲೆಮಾರಿನ ಅಂತರ ಇಂಥ ವಿಷಯಗಳಿಂದ ನಾನು ಕಿರುನಾಟಕ ಶುರು ಮಾಡುವುದಿಲ್ಲ. ವಿಷಯ ಹಿಡಿದು ಕೂತರೆ ಪಾತ್ರಗಳು ಭಾಷಣಕ್ಕೆ ಇಳಿಯುತ್ತವೆ. ನಾನು ಹುಡುಕುವುದು ಒಂದು ಬೇಡಿಕೆಯನ್ನು: ಒಬ್ಬರು ಇನ್ನೊಬ್ಬರ ಹತ್ತಿರ ಏನನ್ನೋ ಕೇಳುತ್ತಿದ್ದಾರೆ, ಎದುರಿಗಿರುವವರಿಗೆ ಹೂಂ ಅನ್ನುವುದೂ ಕಷ್ಟ, ಊಹೂಂ ಅನ್ನುವುದೂ ಕಷ್ಟ. ಬಸ್ಸಿನಲ್ಲಿ, ಆಸ್ಪತ್ರೆಯ ಕಾರಿಡಾರಿನಲ್ಲಿ, ಮದುವೆ ಮನೆಯಲ್ಲಿ ಕಿವಿಗೆ ಬೀಳುವ ಅರ್ಧ ಮಾತುಗಳಲ್ಲಿ ಇಂಥವು ಸಿಗುತ್ತವೆ. ಪುಸ್ತಕದಲ್ಲಿ ಗುರುತು ಹಾಕಿಕೊಳ್ಳುವುದು ನಾಲ್ಕೇ ವಿಷಯ: ಯಾರು, ಯಾರ ಹತ್ತಿರ, ಏನು ಕೇಳುತ್ತಿದ್ದಾರೆ, ಇವತ್ತೇ ಯಾಕೆ. ಕೊನೆಯದಕ್ಕೆ ಉತ್ತರ ಹೊಳೆಯದಿದ್ದರೆ ಬರೆಯಲು ಕೂರುವುದಿಲ್ಲ. ನಾಳೆ ಕೇಳಿದರೂ ನಡೆಯುತ್ತದೆ ಅನ್ನುವ ಬೇಡಿಕೆಯಿಂದ ನಾಟಕ ಹುಟ್ಟುವುದಿಲ್ಲ.

ಉದಾಹರಣೆಗೆ, ತಮ್ಮನೊಬ್ಬ ಅಕ್ಕನ ಹತ್ತಿರ ಮನೆ ಮಾರಾಟದ ಪತ್ರಕ್ಕೆ ಸಹಿ ಕೇಳಲು ಬಂದಿದ್ದಾನೆ ಅನ್ನಿ. ಕೊಳ್ಳುವವರು ಸಂಜೆಗೆ ಬರುತ್ತಾರೆ, ಹಾಗಾಗಿ ಇವತ್ತೇ ಆಗಬೇಕು. ಮುಂದಿನ ಪ್ರಶ್ನೆ, ಇವರಲ್ಲಿ ಯಾರೂ ಎದ್ದು ಹೊರಟುಹೋಗುವುದಿಲ್ಲ ಯಾಕೆ? ಬಾಗಿಲಿಗೆ ಬೀಗ ಹಾಕಿಬಿಡುವುದು, ಹೊರಗೆ ಮಳೆ ಸುರಿಸುವುದು ಸೋಮಾರಿ ಉಪಾಯಗಳು. ಅಕ್ಕನಿಗೂ ತಮ್ಮನಿಂದ ಏನೋ ಆಗಬೇಕಾಗಿರಲಿ, ಆಗ ಇಬ್ಬರೂ ತಾವಾಗಿಯೇ ನಿಲ್ಲುತ್ತಾರೆ. ಅವನು ಸಹಿಗಾಗಿ ಕಾಯುತ್ತಾನೆ, ಅವಳು ಅವನ ಬಾಯಿಂದ ಒಂದು ಒಪ್ಪಿಗೆಯ ಮಾತಿಗಾಗಿ ಕಾಯುತ್ತಾಳೆ.

ಅಳತೆ ಹೀಗೆ: ಜಾಗ ಒಂದು, ಕಾಲ ಮುರಿಯದೆ ಸಾಗಬೇಕು, ಪಾತ್ರಗಳು ಎರಡು, ಹೆಚ್ಚೆಂದರೆ ಮೂರು. ಮಾತಿನ ನಡುವಿನ ಮೌನ, ಓಡಾಟ ಎಲ್ಲ ಸೇರಿಸಿ ನಿಮಿಷಕ್ಕೆ ಸುಮಾರು ನೂರು ಪದ ಅಂತ ಲೆಕ್ಕ ಇಟ್ಟುಕೊಂಡಿದ್ದೇನೆ. ಹತ್ತು ನಿಮಿಷಕ್ಕೆ ಸಾವಿರ ಪದ ದಾಟಿದರೆ ನಟರು ಓಡಬೇಕಾಗುತ್ತದೆ. ದೃಶ್ಯ ಬದಲಿಸಲು ದೀಪ ಆರಿಸಿದರೆ ಕತ್ತಲಲ್ಲಿ ಕುರ್ಚಿ ಸರಿಸುವುದಕ್ಕೇ ಹದಿನೈದು ಸೆಕೆಂಡು ಹೋಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಅಂದರೆ ಅಲ್ಲಿಯವರೆಗೆ ಕಟ್ಟಿದ ಬಿಗಿ ಸಡಿಲವಾಗುವುದು. ನಾಲ್ಕನೇ ಪಾತ್ರ ಬಂದರೆ ಯಾರಾದರೊಬ್ಬರು ಸುಮ್ಮನೆ ನಿಂತಿರುತ್ತಾರೆ. ಒಂದೂವರೆ ಪುಟ ಮಾತೂ ಕೆಲಸವೂ ಇಲ್ಲದ ಪಾತ್ರ ನನ್ನ ನಾಟಕದಲ್ಲಿ ಉಳಿಯುವುದಿಲ್ಲ.

ಮೊದಲ ಕರಡನ್ನು ತಡೆಯಿಲ್ಲದೆ ಬರೆದು, ಆಮೇಲೆ ಮೊದಲ ಪುಟಕ್ಕೆ ಅಡ್ಡಗೆರೆ ಎಳೆದು ಓದಿ ನೋಡುತ್ತೇನೆ. ಬಹಳ ಸಲ ನಾಟಕ ಎರಡನೇ ಪುಟದಲ್ಲೇ ಶುರುವಾಗಿರುತ್ತದೆ. ಮೊದಲ ಪುಟದಲ್ಲಿ ಇರುವುದು ಬಾಗಿಲು ತೆಗೆಯುವುದು, ಕುಶಲ ವಿಚಾರಿಸುವುದು, ಇಬ್ಬರಿಗೂ ಗೊತ್ತಿರುವುದನ್ನು ಪ್ರೇಕ್ಷಕರಿಗಾಗಿ ಹೇಳುವುದು. “ಅಕ್ಕಾ, ನಿಂಗೇ ಗೊತ್ತಲ್ಲ, ಅಪ್ಪ ಹೋಗಿ ಮೂರು ವರ್ಷ ಆಯ್ತು” ಅನ್ನುವಂಥ ಮಾತು. ಅದರ ಬದಲು “ಅಪ್ಪನ ಕನ್ನಡಕ ಇನ್ನೂ ಇಲ್ಲೇ ಇಟ್ಟಿದೀಯಾ?” ಅಂದರೆ ಸಾವೂ ತಿಳಿಯಿತು, ನಂಟೂ ತಿಳಿಯಿತು, ಅಕ್ಕ ಏನನ್ನು ಬಿಡಲಾರಳು ಅನ್ನುವುದೂ ತಿಳಿಯಿತು. ಬೇಡಿಕೆ ಮೊದಲ ಒಂದೂವರೆ ನಿಮಿಷದೊಳಗೆ ಹೊರಬೀಳಬೇಕು. ನೇರವಾಗಿ ಕೇಳದೆ ಸುತ್ತಿ ಬಳಸಿ ಕೇಳಿದರೂ ಸರಿಯೇ.

ಇನ್ನು ನಡುಭಾಗ. ಹೆಚ್ಚಿನ ಕಿರುನಾಟಕಗಳು ಸೊರಗುವುದು ಇಲ್ಲೇ. ಕಾರಣ ಸರಳ: ಕೇಳುವವನು ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಕೇಳುತ್ತಾನೆ, ದನಿ ಮಾತ್ರ ಏರುತ್ತದೆ. ಇದನ್ನು ಹಿಡಿಯಲು ಪ್ರತಿ ಮಾತಿನ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಿಂದ ಒಂದು ಕ್ರಿಯಾಪದ ಬರೆಯುತ್ತೇನೆ: ಓಲೈಸುತ್ತಾನೆ, ಛೇಡಿಸುತ್ತಾನೆ, ಹಳೆಯ ಋಣ ನೆನಪಿಸುತ್ತಾನೆ, ಹೆದರಿಸುತ್ತಾನೆ. ಒಂದೇ ಕ್ರಿಯಾಪದ ಸಾಲಾಗಿ ಮೂರು ಸಲ ಬಂದರೆ ಎರಡು ಮಾತು ಹೋಗುತ್ತವೆ, ಅವು ಎಷ್ಟೇ ಚಂದವಿದ್ದರೂ. ಅಂಚಿನಲ್ಲಿ “ತಿಳಿಸುತ್ತಾನೆ” ಅಂತ ಮಾತ್ರ ಬರೆಯಲು ಸಾಧ್ಯವಾದರೆ ಆ ಮಾತೂ ಅನುಮಾನದ್ದೇ.

ಆರು, ಏಳನೇ ನಿಮಿಷದ ಹೊತ್ತಿಗೆ ಬೇಡಿಕೆಯ ಬೆಲೆ ಬದಲಾಗಬೇಕು. ಮನೆ ಮಾರುತ್ತಿರುವುದು ತಮ್ಮನ ಸಾಲ ತೀರಿಸಲು ಅಂದುಕೊಂಡಿದ್ದೆವು. ಸಾಲ ಅಕ್ಕನ ಮಗನದು ಅಂತ ಗೊತ್ತಾಗುತ್ತದೆ. ಈ ತಿರುವಿನ ಬೀಜ ಮೊದಲ ಎರಡು ನಿಮಿಷದೊಳಗೆ ಬಿದ್ದಿರಬೇಕು, ಬಿದ್ದದ್ದು ಗೊತ್ತಾಗಬಾರದು. ಆ ಮಗ ಫೋನ್ ಎತ್ತುತ್ತಿಲ್ಲ ಅಂತ ಅಕ್ಕ ಗೊಣಗಿದ್ದರೆ ಸಾಕು. ಆದರೆ ತಿರುವಿನ ಹೊತ್ತಿಗೆ ಸರಿಯಾಗಿ ಫೋನ್ ರಿಂಗಾಗಿ ಸುದ್ದಿ ಬರುವುದು ನನಗೆ ಒಗ್ಗದು. ನಿರ್ಧಾರ ರಂಗದ ಮೇಲಿನವರ ಕೈತಪ್ಪಿ, ತಂತಿಯ ಆಚೆಗಿರುವ ಕಾಣದವನ ಪಾಲಾಗುತ್ತದೆ.

ರಂಗಪರಿಕರ ಒಂದಿದ್ದರೆ ಒಳ್ಳೆಯದು. ಆ ಕನ್ನಡಕ ಎರಡು ಮೂರು ಸಲ ಕೈ ಬದಲಿಸಲಿ. ಕಪಾಟಿನಿಂದ ತಮ್ಮನ ಕೈಗೆ, ಅವನಿಂದ ಕಿತ್ತುಕೊಂಡ ಅಕ್ಕನ ಕೈಗೆ. ಕೊನೆಗೆ ಪತ್ರ ಓದಲು ಅವಳು ಅದನ್ನೇ ಹಾಕಿಕೊಂಡರೆ ಅರ್ಧ ಪುಟದ ಮಾತು ಬರೆಯುವುದು ತಪ್ಪುತ್ತದೆ. ರಂಗಸೂಚನೆಯಲ್ಲಿ ನಾನು ಬರೆಯುವುದು ಇಂಥ ಕೆಲಸಗಳನ್ನಷ್ಟೇ. “ದುಃಖದಿಂದ”, “ಕೋಪದಿಂದ” ಅಂತ ಕಂಸದಲ್ಲಿ ಹಾಕಬೇಕೆನಿಸಿದರೆ ಮಾತೇ ಸರಿಯಾಗಿಲ್ಲ ಅಂತ ಅರ್ಥ. “ಮೌನ” ಅನ್ನುವ ಸೂಚನೆಯೂ ಇಡೀ ನಾಟಕದಲ್ಲಿ ನಾಲ್ಕೈದಕ್ಕಿಂತ ಹೆಚ್ಚಿದ್ದರೆ ನಟರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಇದೆಲ್ಲ ಕನಸಾಗಿತ್ತು, ಅವಳು ಮೊದಲೇ ಸತ್ತಿದ್ದಳು, ಇಂಥ ಮುಕ್ತಾಯಗಳು ಅಲ್ಲಿಯವರೆಗಿನ ಒಂಬತ್ತು ನಿಮಿಷವನ್ನು ಸುಳ್ಳು ಮಾಡುತ್ತವೆ. ಕೇಳಿದ್ದಕ್ಕೆ ಉತ್ತರ ಸಿಗಬೇಕು, ಕೊಟ್ಟವರಿಗೆ ಅದರಿಂದ ಏನಾದರೂ ಕಳೆಯಬೇಕು. ಕೊನೆಯ ಮಾತನ್ನು ಕೈಯಿಂದ ಮುಚ್ಚಿ ಓದುತ್ತೇನೆ, ಆಮೇಲೆ ಕೊನೆಯ ಎರಡನ್ನು. ಮುಚ್ಚಿದಾಗಲೂ ಅರ್ಥವಾದರೆ ಅವು ಬೇಡ.

ಆಮೇಲೆ ಓದಿಸುವುದು. ನಾನು ಓದುವುದಿಲ್ಲ, ಯಾಕೆಂದರೆ ಬರೆದವರು ಕಾಗದದಲ್ಲಿ ಇಲ್ಲದ್ದನ್ನೂ ದನಿಯಲ್ಲಿ ತುಂಬಿಬಿಡುತ್ತಾರೆ. ಇಬ್ಬರ ಕೈಗೆ ಪ್ರತಿ ಕೊಟ್ಟು, ಗಡಿಯಾರ ಇಟ್ಟುಕೊಂಡು, ಅವರು ಎಡವಿದ ಕಡೆ ಗೆರೆ ಹಾಕುತ್ತೇನೆ. ಎಡವುವುದು ಹೆಚ್ಚಾಗಿ ಎರಡು ಕಡೆ: ಆಡುಮಾತಿನ ನಡುವೆ “ಹೋಗುತ್ತಿದ್ದೇನೆ” ಥರದ ಗ್ರಂಥಸ್ಥ ರೂಪ ನುಸುಳಿದಾಗ, ಮತ್ತು ಒಂದೇ ಉಸಿರಿಗೆ ಮುಗಿಯದ ವಾಕ್ಯ ಬಂದಾಗ. ಕೂತು ಓದುವಾಗ ಎಂಟು ನಿಮಿಷಕ್ಕೆ ಮುಗಿದರೆ ತಾಲೀಮಿಗೆ ಕೊಡುತ್ತೇನೆ. ನಡಿಗೆ, ಕಾಗದ ಹುಡುಕಾಟ, ಪ್ರೇಕ್ಷಕರ ನಗು ಸೇರಿ ಉಳಿದೆರಡು ನಿಮಿಷ ತಾನಾಗಿ ತುಂಬಿಕೊಳ್ಳುತ್ತದೆ.