ಚೆಲ್ಲುವ ಪೆಟ್ರೋಲಿಗೂ ತೆರಿಗೆ: ನನ್ನ ಪದ್ಮಿನಿಯ ಲೆಕ್ಕ

ಅಪ್ಪ 1976ರಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಕಾರು ಮೈಸೂರಿನ ನಮ್ಮ ಮನೆಯ ಶೆಡ್ಡಿನಲ್ಲಿ ಇವತ್ತಿಗೂ ಇದೆ. ‘ಎಂವೈ’ಯಿಂದ ಶುರುವಾಗುವ ಅದೇ ನಂಬರು, ಸ್ಟೀರಿಂಗ್ ಪಕ್ಕದ ಅದೇ ಗೇರು. ವರ್ಷಕ್ಕೆ ಸುಮಾರು ಎರಡೂವರೆ ಸಾವಿರ ಕಿಲೋಮೀಟರ್ ಓಡಿಸುತ್ತೇನೆ. ಅಮ್ಮನನ್ನು ನಂಜನಗೂಡಿಗೆ ಕರೆದುಕೊಂಡು ಹೋಗೋದು, ನೆಂಟರ ಮದುವೆ-ಮುಂಜಿ, ಭಾನುವಾರ ಶ್ರೀರಂಗಪಟ್ಟಣದವರೆಗೆ ಒಂದು ಸುತ್ತು. ಹೊದಿಕೆ ಹಾಕಿ ಇಟ್ಟು ನೋಡುವ ಕಾರು ಅದಲ್ಲ, ಓಡುವ ಕಾರು. ಅದನ್ನು ಹಾಗೇ ಉಳಿಸಿಕೊಳ್ಳಬೇಕು ಅನ್ನೋದು ನನ್ನ ಆಸೆ.

2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ಮೊದಲ ಸಲ ನೂರು ದಾಟಿದಾಗ ಗಾಬರಿಯಾಗಿತ್ತು. ಅದೇ ವರ್ಷ ದೀಪಾವಳಿಗೆ ಕೇಂದ್ರ 5 ರೂಪಾಯಿ, ರಾಜ್ಯ 7 ರೂಪಾಯಿ ತೆರಿಗೆ ಇಳಿಸಿದವು. ಮರುವರ್ಷ ಮೇ ತಿಂಗಳಲ್ಲಿ ಕೇಂದ್ರ ಇನ್ನೂ 8 ರೂಪಾಯಿ ಇಳಿಸಿತು. ಸ್ವಲ್ಪ ಉಸಿರಾಡಿದೆ. ಆಮೇಲೆ 2024ರ ಜೂನ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಶೇ 25.92ರಿಂದ ಶೇ 29.84ಕ್ಕೆ ಏರಿತು, ಲೀಟರಿಗೆ 3 ರೂಪಾಯಿ ಜಾಸ್ತಿ. ಆವತ್ತು ರಾತ್ರಿ ಊಟ ಮುಗಿಸಿ ಪುಸ್ತಕ, ಪೆನ್ನು ಹಿಡಿದು ಕೂತೆ.

ಲೆಕ್ಕ ಬಿಡಿಸಿದ ಮೇಲೇ ಗೊತ್ತಾಗಿದ್ದು ಇದು: ಕೇಂದ್ರದ ಅಬಕಾರಿ ಸುಂಕ ಲೀಟರಿಗೆ ಇಷ್ಟು ರೂಪಾಯಿ ಅಂತ ನಿಗದಿ. ರಾಜ್ಯದ್ದು ಶೇಕಡಾ ಲೆಕ್ಕ, ಅದೂ ಆ ಅಬಕಾರಿ ಸುಂಕವನ್ನೂ ಸೇರಿಸಿಕೊಂಡ ಮೊತ್ತದ ಮೇಲೆ. ಅಂದರೆ ತೆರಿಗೆಯ ಮೇಲೆ ತೆರಿಗೆ. ಪೆಟ್ರೋಲ್ ಜಿಎಸ್‌ಟಿ ಒಳಗೆ ಇಲ್ಲದ್ದರಿಂದ ಇದು ಹೀಗೇ ನಡೆಯುತ್ತದೆ. ಆಗಿನ ನೂರಾ ಮೂರು ರೂಪಾಯಿಯ ಒಂದು ಲೀಟರಿನಲ್ಲಿ ಎರಡೂ ಸೇರಿ 42–44 ರೂಪಾಯಿ ತೆರಿಗೆಗೇ ಹೋಗುತ್ತಿತ್ತು. ರಸ್ತೆ, ಶಾಲೆ, ಆಸ್ಪತ್ರೆ ಎಲ್ಲಕ್ಕೂ ದುಡ್ಡು ಬೇಕು, ಒಪ್ಪುತ್ತೇನೆ. ಆದರೆ ಎಂಜಿನ್ನಿನಲ್ಲಿ ಉರಿಯದೆ ಸೈಲೆನ್ಸರಿನಿಂದ ಕರಿ ಹೊಗೆಯಾಗಿ ಹೋಗುವ ಪೆಟ್ರೋಲಿಗೂ ನಾನು ಅಷ್ಟೇ ತೆರಿಗೆ ಕಟ್ಟುತ್ತಿದ್ದೇನಲ್ಲ, ಅದು ಮಾತ್ರ ಮನಸ್ಸಿಗೆ ಚುಚ್ಚಿತು. ದರ ಇಳಿಸೋದು ನನ್ನ ಕೈಯಲ್ಲಿಲ್ಲ. ಚೆಲ್ಲೋದನ್ನು ನಿಲ್ಲಿಸಬಹುದು.

ಮೊದಲು ನಿಜವಾದ ಮೈಲೇಜ್ ಎಷ್ಟು ಅಂತ ತಿಳೀಬೇಕಿತ್ತು. ಕಾರಿನ ಮೀಟರನ್ನು ನಂಬಲಿಲ್ಲ. ನಂಜನಗೂಡು ರಸ್ತೆಯ ಕಿಲೋಮೀಟರ್ ಕಲ್ಲುಗಳ ಜೊತೆ ತಾಳೆ ನೋಡಿ, ಎಷ್ಟು ತಪ್ಪು ತೋರಿಸುತ್ತೆ ಅಂತ ಬರೆದಿಟ್ಟುಕೊಂಡೆ. ಒಂದೇ ಬಂಕ್, ಒಂದೇ ಪಂಪು, ಫುಲ್ ಟ್ಯಾಂಕ್, ಮತ್ತೆ ಫುಲ್ ಟ್ಯಾಂಕ್. ಬಾನೆಟ್ಟಿನೊಳಗೆ ಒಂದು ಲೀಟರ್ ಬಾಟಲಿ ಕಟ್ಟಿ ಪರೀಕ್ಷೆ ಮಾಡುವವರಿದ್ದಾರೆ. ಬಿಸಿ ಎಂಜಿನ್ ಪಕ್ಕದಲ್ಲಿ ಪೆಟ್ರೋಲ್ ಬಾಟಲಿ ಇಡುವ ಕೆಲಸ ಯಾರಿಗೂ ಬೇಡ. ಮೂರು ಸಲ ತುಂಬಿಸಿದ ಮೇಲೆ ಸಿಕ್ಕ ಉತ್ತರ: ಲೀಟರಿಗೆ 9 ಕಿಲೋಮೀಟರ್. ಅಪ್ಪನ ಹಳೆಯ ಡೈರಿಯಲ್ಲಿ 13, 14 ಅಂತ ಬರೆದಿತ್ತು.

ನಮ್ಮ ಮೆಕ್ಯಾನಿಕ್ ಭಾಯ್ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಅಂಗೈ ಮೇಲೆ ಇಟ್ಟು ತೋರಿಸಿದರು. ತುದಿಯೆಲ್ಲ ಮೆತ್ತಗಿನ ಕಪ್ಪು ಮಸಿ, ಬೆರಳಿಗೆ ಕಾಡಿಗೆ ಥರ ಹತ್ತಿತು. “ಸಾರ್, ಗಾಡಿ ಪೆಟ್ರೋಲ್ ಕುಡೀತಾ ಇಲ್ಲ, ಚೆಲ್ತಾ ಇದೆ” ಅಂದರು. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಬಿಚ್ಚಿದಾಗ ಕಾರಣ ಸಿಕ್ಕಿತು. ಹಿಂದೆ ಯಾವುದೋ ಗ್ಯಾರೇಜಿನಲ್ಲಿ, ಪೆಟ್ರೋಲನ್ನು ಅಳತೆಯಲ್ಲಿ ಬಿಡುವ ಮೇನ್ ಜೆಟ್ಟಿನ ಕಸ ತೆಗೆಯೋಕೆ ತಂತಿ ತೂರಿಸಿ ಉಜ್ಜಿದ್ದರು. ಹಿತ್ತಾಳೆಯ ಆ ಸಣ್ಣ ತೂತು ಕೂದಲೆಳೆಯಷ್ಟು ದೊಡ್ಡದಾದರೂ ಸಾಕು, ಪ್ರತಿ ಕಿಲೋಮೀಟರಿಗೂ ಹೆಚ್ಚು ಪೆಟ್ರೋಲ್ ಇಳಿಯುತ್ತದೆ. ಜೆಟ್ಟನ್ನು ಗಾಳಿ ಊದಿ, ಕಾರ್ಬುರೇಟರ್ ಕ್ಲೀನರ್ ಹಾಕಿ ತೊಳೀಬೇಕು. ತಂತಿ, ಸೂಜಿ ಮುಟ್ಟಿಸಲೇಬಾರದು. ಕಾರ್ಬುರೇಟರಿಗೆ ಪೆಟ್ರೋಲ್ ತುಂಬಿದೊಡನೆ ತಡೆಯುವ ಫ್ಲೋಟಿನ ನೀಡಲ್ ವಾಲ್ವ್ ಕೂಡ ಸವೆದು ಹೋಗಿ ಪೆಟ್ರೋಲ್ ಓವರ್‌ಫ್ಲೋ ಆಗುತ್ತಿತ್ತು. ಸರಿಯಾದ ನಂಬರಿನ ಜೆಟ್ ಹುಡುಕೋಕೆ ಎರಡು ತಿಂಗಳು ಬೇಕಾಯಿತು.

ಆಮೇಲೆ ಬ್ರೇಕು. ಇದನ್ನು ಯಾರು ಬೇಕಾದರೂ ಮನೆಯಲ್ಲೇ ನೋಡಬಹುದು. ಹೆಚ್ಚು ಬ್ರೇಕ್ ಹಿಡಿಯದೆ ಹತ್ತು ಕಿಲೋಮೀಟರ್ ಓಡಿಸಿ ಬಂದು ನಾಲ್ಕೂ ಚಕ್ರದ ಡ್ರಮ್ ಹತ್ತಿರ ಹುಷಾರಾಗಿ ಕೈ ಹಿಡಿದು ನೋಡಿ. ನನ್ನ ಕಾರಿನಲ್ಲಿ ಹಿಂದಿನ ಎಡ ಚಕ್ರ ಮಾತ್ರ ಕಾದ ಕಾವಲಿ ಥರ ಇತ್ತು. ಚಕ್ರದ ಒಳಗೆ ಬ್ರೇಕ್ ಒತ್ತುವ ವೀಲ್ ಸಿಲಿಂಡರ್ ತುಕ್ಕು ಹಿಡಿದು ಬ್ರೇಕ್ ಬಿಡುತ್ತಲೇ ಇರಲಿಲ್ಲ, ಎಂಜಿನ್ ಅದನ್ನೂ ಎಳೆದುಕೊಂಡು ಓಡುತ್ತಿತ್ತು. ಕಿಡಿ ಸರಿಯಾದ ಹೊತ್ತಿಗೆ ಹಾರೋಕೆ ಪಾಯಿಂಟ್ ಗ್ಯಾಪ್, ಟೈಮಿಂಗ್, ವಾಲ್ವಿನ ಸಂದಿಗೆ ಟ್ಯಾಪೆಟ್, ಟೈರಿನ ಗಾಳಿ ಎಲ್ಲ ಸರಿ ಮಾಡಿಸಿದ್ದೂ ಆಯಿತು.

ಡಿಸೆಂಬರ್ ಹೊತ್ತಿಗೆ ಮೈಲೇಜ್ 13ಕ್ಕೆ ಬಂತು. ನನ್ನ ವರ್ಷದ ಓಡಾಟಕ್ಕೆ 278 ಲೀಟರ್ ಬೇಕಿದ್ದ ಕಡೆ 192 ಸಾಕು. ಉಳಿದದ್ದು 86 ಲೀಟರ್, ಹತ್ತಿರ ಹತ್ತಿರ 8,850 ರೂಪಾಯಿ. ಅದರಲ್ಲಿ ಮೂರೂವರೆ ಸಾವಿರಕ್ಕೂ ಮೀರಿ ತೆರಿಗೆಯೇ. ರಿಪೇರಿಗೆ ಹಾಕಿದ ದುಡ್ಡು ಎರಡನೇ ವರ್ಷದೊಳಗೆ ವಾಪಸ್ ಬರುತ್ತದೆ.

ಸಂತೋಷ ತುಂಬ ದಿನ ಉಳಿಯಲಿಲ್ಲ. 2025ರಲ್ಲಿ ಬಂಕುಗಳಲ್ಲೆಲ್ಲ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲೇ ಬಂತು. ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ, ಅದು ಉರಿಯೋಕೆ ಬೇಕಾಗುವ ಗಾಳಿಯೂ ಕಡಿಮೆ. ಹೊಸ ಕಾರಿನ ಕಂಪ್ಯೂಟರ್ ಇದನ್ನು ತಾನೇ ಸರಿದೂಗಿಸುತ್ತದೆ. ಕಾರ್ಬುರೇಟರಿಗೆ ಏನು ಗೊತ್ತು? ಚಾಮುಂಡಿ ಬೆಟ್ಟ ಹತ್ತುವಾಗ ಎಂಜಿನ್ ಮುಗ್ಗರಿಸತೊಡಗಿತು, ಪ್ಲಗ್ಗಿನ ತುದಿ ಬೆಳ್ಳಗಾಗಿತ್ತು, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲುತ್ತಿರಲಿಲ್ಲ. ಕಷ್ಟಪಟ್ಟು ಹುಡುಕಿ ಹಾಕಿಸಿದ ಜೆಟ್ಟನ್ನು ತೆಗೆದು ಒಂದು ಸೈಜ್ ದೊಡ್ಡದನ್ನು ಹಾಕಿಸಬೇಕಾಯಿತು. ಈಗ 12ರ ಆಸುಪಾಸು. ಎಥೆನಾಲ್ ಇಲ್ಲದ ಪೆಟ್ರೋಲಿಗೆ ವಿನ್ಯಾಸ ಮಾಡಿ ಶೇ 10 ಎಥೆನಾಲಿಗೆ ಹೊಂದಿಸಿದ ಕಾರುಗಳಲ್ಲೇ ಶೇ 6–7ರಷ್ಟು ಮೈಲೇಜ್ ಇಳಿಯುತ್ತದೆ ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿತ್ತು. ಮೈಲೇಜ್ ಇಳಿದರೂ ಲೀಟರಿನ ಬೆಲೆ, ಅದರೊಳಗಿನ ತೆರಿಗೆ ಇಳಿಯಲಿಲ್ಲ. ಇದು ನನಗೆ ಅನ್ಯಾಯ ಅನ್ನಿಸುತ್ತದೆ, ನೇರವಾಗಿಯೇ ಹೇಳುತ್ತೇನೆ.

ಎಥೆನಾಲ್ ಹಳೆಯ ರಬ್ಬರನ್ನು ಕೆಡಿಸುತ್ತದೆ, ಆ ವಿಷಯದಲ್ಲಿ ದಯವಿಟ್ಟು ಯಾರೂ ತಡಮಾಡಬೇಡಿ. ಒಂದು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದ ಕೂಡಲೇ ಪೆಟ್ರೋಲ್ ವಾಸನೆ ಗಪ್ಪೆಂದು ಹೊಡೆಯಿತು. ಎಂಜಿನ್ನಿಗೆ ಪೆಟ್ರೋಲ್ ಎಳೆಯುವ ಪಂಪಿನ ಹತ್ತಿರದ ರಬ್ಬರ್ ಪೈಪನ್ನು ಒತ್ತಿದರೆ ಹಳೆಯ ಚ್ಯೂಯಿಂಗ್ ಗಮ್ ಥರ ಮೆತ್ತಗೆ, ಕ್ಲಿಪ್ಪಿನ ಕೆಳಗೆ ಸೀಳು, ಅಲ್ಲೊಂದು ತೊಟ್ಟು ತೂಗಾಡುತ್ತಿತ್ತು. ಆವತ್ತು ಸ್ಟಾರ್ಟ್ ಮಾಡಿದ್ದರೆ ಬೆಂಕಿಯೇ ಹತ್ತಬಹುದಿತ್ತು. ಎಥೆನಾಲ್ ತಡೆಯುವ ವೈಟಾನ್ ಪೈಪು, ಪಂಪಿಗೆ ಹೊಸ ಡಯಾಫ್ರಾಮ್ (ಒಳಗಿನ ಪೊರೆ) ಹಾಕಿಸಿದೆ. ಎಥೆನಾಲ್ ಗಾಳಿಯ ತೇವ ಹೀರಿಕೊಳ್ಳುವುದರಿಂದ ಮಳೆಗಾಲದಲ್ಲಿ ಟ್ಯಾಂಕನ್ನು ಅರ್ಧಕ್ಕೆ ಬಿಡುವುದಿಲ್ಲ, ವಾರಕ್ಕೊಮ್ಮೆ ತಪ್ಪದೆ ಓಡಿಸುತ್ತೇನೆ.

2026ಕ್ಕೆ ಕಾರಿಗೆ ಐವತ್ತು ತುಂಬುತ್ತದೆ. ಐವತ್ತು ತುಂಬಿದ ಹಳೆಯ ವಾಹನಗಳಿಗಾಗಿ ಇರುವ 2021ರ ವಿಂಟೇಜ್ ನಿಯಮದಡಿ ನೋಂದಾಯಿಸಬಹುದು, ಹಳೆಯ ನಂಬರೂ ಉಳಿಯುತ್ತದೆ. ಆದರೆ ಆಮೇಲೆ ಪ್ರದರ್ಶನಕ್ಕೆ, ರ‍್ಯಾಲಿಗೆ, ಪೆಟ್ರೋಲ್ ತುಂಬಿಸೋಕೆ, ರಿಪೇರಿಗೆ ಅಂತ ಮಾತ್ರ ರಸ್ತೆಗಿಳಿಸಬೇಕು, ನಿತ್ಯದ ಓಡಾಟ ಇಲ್ಲ. ಮಾಮೂಲಿ ನೋಂದಣಿಯನ್ನೇ ಐದು ವರ್ಷಕ್ಕೆ ನವೀಕರಿಸಿದರೆ, 2025ರ ಆಗಸ್ಟ್‌ನಿಂದ ಇಪ್ಪತ್ತು ವರ್ಷ ಮೀರಿದ ಕಾರಿಗೆ ಶುಲ್ಕ 10,000 ರೂಪಾಯಿ, ಜೊತೆಗೆ ಹಸಿರು ತೆರಿಗೆ ಬೇರೆ. ಎರಡು ದಿನ ಯೋಚನೆ ಮಾಡಿದೆ. ಅಮ್ಮನನ್ನು ಕೇಳಿದರೆ, “ನಂಜನಗೂಡಿಗೆ ಹೋಗೋ ಹಾಗಿರ್ಬೇಕು ಕಣೋ” ಅಂದರು. ಹತ್ತು ಸಾವಿರ ತೆಗೆದಿಟ್ಟಿದ್ದೇನೆ. ನವೀಕರಣದ ಫಿಟ್‌ನೆಸ್ ಪರೀಕ್ಷೆಗೆ ಹೋಗುವ ಮುಂಚೆ ಬಲಗಡೆಯ ವೀಲ್ ಸಿಲಿಂಡರನ್ನೂ ಒಂದು ಸಲ ಬಿಚ್ಚಿ ನೋಡಿಸಬೇಕು.