ಲೇಸರ್‌ನಿಂದ ಕೂದಲು ತೆಗೆಸುವ ಮುನ್ನ

ಲೇಸರ್ ಚಿಕಿತ್ಸೆಯ ಲಾಭವೂ ಅಪಾಯವೂ ಮೆಲನಿನ್ ಎಂಬ ಒಂದೇ ವಸ್ತುವಿನಲ್ಲಿ ಅಡಗಿವೆ. ಕೂದಲಿಗೆ ಕಪ್ಪು ಬಣ್ಣ ಕೊಡುವ ಈ ವರ್ಣದ್ರವ್ಯ ಲೇಸರ್ ಬೆಳಕನ್ನು ಹೀರಿಕೊಂಡು ಕ್ಷಣಮಾತ್ರದಲ್ಲಿ ಕಾಯುತ್ತದೆ. ಆ ಕಾವು ಬುಡಕ್ಕೆ ಹರಡಿ, ಕೂದಲನ್ನು ಮತ್ತೆ ಹುಟ್ಟಿಸುವ ಜೀವಕೋಶಗಳನ್ನು ಸುಡುತ್ತದೆ. ಸುತ್ತಲಿನ ಅಂಗಾಂಶಕ್ಕೆ ಹಾನಿಯಾಗದಂತೆ, ಬಣ್ಣದ ಆಧಾರದ ಮೇಲೆ ಆಯ್ದ ಗುರಿಯನ್ನಷ್ಟೇ ಬೆಳಕಿನಿಂದ ನಾಶಮಾಡಬಹುದು ಎಂಬ ತತ್ವವನ್ನು ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಎಂಬ ವೈದ್ಯರು 1983ರಲ್ಲಿ ಮಂಡಿಸಿದರು. ತೊಡಕೆಂದರೆ ಇದೇ ಮೆಲನಿನ್ ಚರ್ಮದಲ್ಲಿಯೂ ಇದೆ. ಚಿಕಿತ್ಸೆಗೆ ಮುನ್ನ ಪಾಲಿಸಬೇಕಾದ ಸೂಚನೆಗಳಲ್ಲಿ ಹೆಚ್ಚಿನವು ಬೆಳಕನ್ನು ಕೂದಲು ಹೀರಲಿ, ಚರ್ಮ ಹೀರದಿರಲಿ ಎಂಬ ಉದ್ದೇಶದಿಂದಲೇ ಹುಟ್ಟಿದವು.

ಏನನ್ನು ನಿರೀಕ್ಷಿಸಬೇಕು

'ಶಾಶ್ವತವಾಗಿ ಕೂದಲು ಬೆಳೆಯುವುದಿಲ್ಲ' ಎಂಬ ಜಾಹೀರಾತಿನ ಮಾತನ್ನು ಮೊದಲು ಬದಿಗಿಡಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಈ ಯಂತ್ರಗಳ ವಿಷಯದಲ್ಲಿ ಒಪ್ಪಿರುವುದು 'ಶಾಶ್ವತ ಕಡಿತ' ಎಂಬ ಪದವನ್ನು. ಅಂದರೆ ಪೂರ್ತಿ ಚಿಕಿತ್ಸೆ ಮುಗಿದ ಮೇಲೆ ಮರಳಿ ಬೆಳೆಯುವ ಕೂದಲಿನ ಸಂಖ್ಯೆ ದೀರ್ಘಕಾಲ ಕಡಿಮೆಯಾಗಿಯೇ ಉಳಿಯುತ್ತದೆ ಎಂದು. ಉಳಿದ ಕೂದಲು ಸಾಮಾನ್ಯವಾಗಿ ತೆಳ್ಳಗಾಗಿ, ಬಣ್ಣವೂ ತಿಳಿಯಾಗಿರುತ್ತದೆ.

ಒಂದೇ ಸಲಕ್ಕೆ ಕೆಲಸ ಮುಗಿಯುವುದಿಲ್ಲ. ಕೂದಲಿಗೆ ಬೆಳೆಯುವ, ಹಿಂಜರಿಯುವ ಮತ್ತು ವಿಶ್ರಮಿಸುವ ಅವಸ್ಥೆಗಳಿವೆ. ಬೆಳೆಯುವ ಅವಸ್ಥೆಯಲ್ಲಿರುವ ಕೂದಲಿನ ಬುಡದಲ್ಲಿ ಮಾತ್ರ ಮೆಲನಿನ್ ಹೇರಳವಾಗಿರುವುದರಿಂದ ಲೇಸರ್ ಅದರ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಎಲ್ಲ ಕೂದಲೂ ಒಮ್ಮೆಗೇ ಈ ಅವಸ್ಥೆಯಲ್ಲಿ ಇರುವುದಿಲ್ಲ. ಆದ್ದರಿಂದಲೇ ಆರರಿಂದ ಎಂಟು ಸಿಟ್ಟಿಂಗ್‌ಗಳನ್ನು, ಮುಖಕ್ಕಾದರೆ ಸುಮಾರು 4ರಿಂದ 6 ವಾರಗಳ ಅಂತರದಲ್ಲಿ, ಕೈಕಾಲಿಗಾದರೆ ಇನ್ನೂ ಹೆಚ್ಚಿನ ಅಂತರದಲ್ಲಿ ಹಂಚಲಾಗುತ್ತದೆ. ಬೇಗ ಮುಗಿಸುವ ಆತುರದಲ್ಲಿ ಅಂತರ ಕಡಿಮೆ ಮಾಡಿಕೊಂಡರೆ ದುಡ್ಡು ಹೋಗುವುದೇ ಹೊರತು ಫಲ ಹೆಚ್ಚುವುದಿಲ್ಲ.

ನರೆತ, ಹೊಂಬಣ್ಣದ ಅಥವಾ ಕೆಂಚು ಕೂದಲಿಗೆ ಲೇಸರ್‌ನಿಂದ ಹೆಚ್ಚಿನ ಪ್ರಯೋಜನವಿಲ್ಲ, ಏಕೆಂದರೆ ಬೆಳಕನ್ನು ಹೀರುವ ಕಪ್ಪು ಅಲ್ಲಿಲ್ಲ. ಅಂಥವರಿಗೆ ಒಂದೊಂದೇ ಕೂದಲಿನ ಬುಡಕ್ಕೆ ಸಣ್ಣ ಸೂಜಿ ಇಳಿಸಿ ವಿದ್ಯುತ್ ಹಾಯಿಸುವ ಎಲೆಕ್ಟ್ರಾಲಿಸಿಸ್ ವಿಧಾನವಿದೆ. ನಿಧಾನವಾದರೂ ಅದಕ್ಕೆ ಕೂದಲಿನ ಬಣ್ಣದ ಹಂಗಿಲ್ಲ.

ಮೊದಲ ಹೆಜ್ಜೆ: ಕಾರಣ ತಿಳಿಯುವುದು

ಗಲ್ಲ, ಮೇಲ್ದುಟಿ, ಎದೆ ಅಥವಾ ಹೊಟ್ಟೆಯ ಮೇಲೆ ಗಡುಸಾದ ಕೂದಲು ಹೊಸದಾಗಿ ಕಾಣಿಸಿಕೊಂಡ ಮಹಿಳೆಯರು, ಅದರಲ್ಲೂ ಮುಟ್ಟು ಏರುಪೇರಾಗಿರುವವರು, ಲೇಸರ್ ಕ್ಲಿನಿಕ್ಕಿಗೆ ಹೋಗುವ ಮೊದಲು ವೈದ್ಯರಲ್ಲಿ ಹಾರ್ಮೋನ್ ಪರೀಕ್ಷೆಯ ಬಗ್ಗೆ ವಿಚಾರಿಸಬೇಕು. ಅಂಡಾಶಯ ಮತ್ತು ಹಾರ್ಮೋನ್‌ಗಳ ಏರುಪೇರಿಗೆ ಸಂಬಂಧಿಸಿದ ಪಿಸಿಓಎಸ್ ಎಂಬ ತೊಂದರೆ ಇದಕ್ಕೆ ಅತ್ಯಂತ ಸಾಮಾನ್ಯ ಕಾರಣ. ಒಳಗಿನ ಕಾರಣ ಹಾಗೇ ಉಳಿದರೆ ಒಂದು ಕಡೆ ಸುಟ್ಟ ಕೂದಲಿಗೆ ಬದಲಾಗಿ ಪಕ್ಕದ ನವಿರು ಕೂದಲು ಗಡುಸಾಗುತ್ತ ಹೋಗುತ್ತದೆ. ಆಗ ಅನೇಕರು ಯಂತ್ರವನ್ನೋ ತಮ್ಮ ಅದೃಷ್ಟವನ್ನೋ ದೂರುತ್ತಾರೆ. ಮೊದಲೇ ಒಂದು ರಕ್ತಪರೀಕ್ಷೆ ಮಾಡಿಸಿದ್ದರೆ ಆ ನಿರಾಸೆ ತಪ್ಪುತ್ತಿತ್ತು. ಹಾಗೆಂದು ಪಿಸಿಓಎಸ್ ಇದ್ದವರು ಲೇಸರ್ ಮಾಡಿಸಬಾರದೆಂದಲ್ಲ. ಎರಡೂ ಚಿಕಿತ್ಸೆಗಳು ಜೊತೆಜೊತೆಗೆ ಸಾಗಬೇಕು, ಸಿಟ್ಟಿಂಗ್‌ಗಳು ಹೆಚ್ಚು ಬೇಕಾಗಬಹುದೆಂದು ತಿಳಿದಿರಬೇಕು.

ಎರಡನೆಯ ಹೆಜ್ಜೆ: ಯಂತ್ರ ಮತ್ತು ವೈದ್ಯರ ಆಯ್ಕೆ

ಕ್ಲಿನಿಕ್ಕಿನಲ್ಲಿ ಕೇಳಲೇಬೇಕಾದ ಪ್ರಶ್ನೆ, ಯಾವ ಯಂತ್ರ ಬಳಸುತ್ತೀರಿ ಎಂಬುದು. ಬೆಳಕಿನ ತರಂಗಾಂತರ ಹೆಚ್ಚಿದಷ್ಟೂ ಮೆಲನಿನ್ ಅದನ್ನು ಹೀರುವುದು ಕಡಿಮೆ, ಬೆಳಕು ಇಳಿಯುವುದು ಆಳಕ್ಕೆ. 755 ನ್ಯಾನೋಮೀಟರಿನ ಅಲೆಕ್ಸಾಂಡ್ರೈಟ್ ಲೇಸರ್ ಬಿಳಿ ಚರ್ಮದ, ಕಪ್ಪು ಕೂದಲಿನ ವ್ಯಕ್ತಿಗೆ ಚೆನ್ನಾಗಿ ಹೊಂದುತ್ತದೆ. ಅದನ್ನೇ ಕಪ್ಪು ಚರ್ಮದ ಮೇಲೆ ಹರಿಸಿದರೆ ಮೇಲ್ಪದರವೇ ಬೆಳಕನ್ನು ಹೀರಿ ಸುಡುವ ಸಂಭವವಿದೆ. ಸುಮಾರು 800ರಿಂದ 810 ನ್ಯಾನೋಮೀಟರಿನ ಡಯೋಡ್ ಲೇಸರ್ ನಡುವಿನದು. 1064 ನ್ಯಾನೋಮೀಟರಿನ ಎನ್‌ಡಿ-ಯಾಗ್ ಲೇಸರ್ ಕಪ್ಪು ಮತ್ತು ಕಂದು ಚರ್ಮಕ್ಕೆ ಎಲ್ಲಕ್ಕಿಂತ ಸುರಕ್ಷಿತವೆನಿಸಿದೆ, ನವಿರು ಕೂದಲಿನ ಮೇಲೆ ಅದರ ಪರಿಣಾಮ ಕಡಿಮೆ ಎಂಬುದೊಂದು ಕೊರತೆ. ಐಪಿಎಲ್ ಎಂಬ ಹೆಸರಿನ ಯಂತ್ರ ನಿಜವಾಗಿ ಲೇಸರ್ ಅಲ್ಲ. ಅದು ಹಲವು ತರಂಗಾಂತರಗಳ ಬೆಳಕನ್ನು ಒಟ್ಟಿಗೆ ಸೂಸುವುದರಿಂದ ಕಪ್ಪು ಚರ್ಮದವರು ಅದರ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು. ಮನೆಯಲ್ಲಿ ಬಳಸುವ ಉಪಕರಣಗಳಲ್ಲಿ ಹಲವು ಇದೇ ಜಾತಿಯವು.

ಸಮಾಲೋಚನೆಗೆ ಚರ್ಮರೋಗ ತಜ್ಞರೇ ಸಿಗುವ ಜಾಗವನ್ನು ಆರಿಸುವುದು ಒಳ್ಳೆಯದು. ಮೊಡವೆಗೆ ಐಸೊಟ್ರೆಟಿನಾಯಿನ್ ಅಥವಾ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುತ್ತಿದ್ದರೆ, ಗಾಯ ಆರಿದ ಮೇಲೆ ಕಲೆ ಉಬ್ಬಿ ಬೆಳೆಯುವ ಕೀಲಾಯ್ಡ್ ತೊಂದರೆಯಿದ್ದರೆ, ತುಟಿಯ ಸುತ್ತ ಹರ್ಪಿಸ್ ಗುಳ್ಳೆಗಳು ಆಗಾಗ ಏಳುತ್ತಿದ್ದರೆ ಮುಚ್ಚಿಡದೆ ಹೇಳಬೇಕು. ಹರ್ಪಿಸ್ ಇದ್ದವರಿಗೆ ಮುಂಚಿತವಾಗಿಯೇ ಮಾತ್ರೆ ಕೊಡುವ ರೂಢಿಯಿದೆ. ಗರ್ಭಿಣಿಯರಲ್ಲಿ ಸುರಕ್ಷತೆಯ ಬಗ್ಗೆ ಸಾಕಷ್ಟು ಅಧ್ಯಯನಗಳಿಲ್ಲದ ಕಾರಣ ಸಾಮಾನ್ಯವಾಗಿ ಹೆರಿಗೆಯ ನಂತರಕ್ಕೆ ಮುಂದೂಡುತ್ತಾರೆ. ಹಚ್ಚೆಯ ಶಾಯಿಯೂ ಬೆಳಕನ್ನು ಹೀರುವುದರಿಂದ ಅದರ ಮೇಲೆ ಲೇಸರ್ ಹಾಯಿಸುವಂತಿಲ್ಲ.

ಮೂರನೆಯ ಹೆಜ್ಜೆ: ಹಿಂದಿನ ವಾರಗಳ ಸಿದ್ಧತೆ

ಚಿಕಿತ್ಸೆಗೆ 4ರಿಂದ 6 ವಾರ ಮೊದಲಿನಿಂದ ವ್ಯಾಕ್ಸಿಂಗ್, ಥ್ರೆಡಿಂಗ್ ಮಾಡಿಸಬಾರದು, ಚಿಮುಟದಿಂದಲೂ ಕೀಳಬಾರದು. ಇವೆಲ್ಲ ಕೂದಲನ್ನು ಬುಡಸಮೇತ ಕಿತ್ತುಹಾಕುತ್ತವೆ. ಬುಡದಲ್ಲಿ ಕೂದಲೇ ಇಲ್ಲದಿದ್ದರೆ ಬೆಳಕು ಹೀರಲು ಅಲ್ಲಿ ಏನೂ ಇರುವುದಿಲ್ಲ. ಬ್ಲೀಚ್ ಮಾಡಿದರೆ ಕೂದಲಿನ ಕಪ್ಪು ಹೋಗುವುದರಿಂದ ಅದೂ ಬೇಡ. ರೇಜರ್‌ನಿಂದ ಬೋಳಿಸಬಹುದು. ಬೋಳಿಸಿದರೆ ಕೂದಲು ದಪ್ಪಗಾಗುತ್ತದೆ ಎಂಬ ಭಯದಿಂದ ಹಲವರು ಹಿಂಜರಿಯುತ್ತಾರಾದರೂ ಅದಕ್ಕೆ ಆಧಾರವಿಲ್ಲ. ಕತ್ತರಿಸಿದ ತುದಿ ಮೊಂಡಾಗಿರುವುದರಿಂದ ಕೈಗೆ ಒರಟಾಗಿ ಹತ್ತುತ್ತದೆ, ಅಷ್ಟೆ.

ಈ ವಾರಗಳಲ್ಲಿ ಬಿಸಿಲನ್ನು ಆದಷ್ಟು ತಪ್ಪಿಸಿ, ಎಸ್‌ಪಿಎಫ್ 30 ಅಥವಾ ಹೆಚ್ಚಿನ ಸನ್‌ಸ್ಕ್ರೀನ್ ಹಚ್ಚಬೇಕು. ಬಿಸಿಲಿಗೆ ಕಂದಿದ ಚರ್ಮದಲ್ಲಿ ಮೆಲನಿನ್ ಹೆಚ್ಚಿರುವುದರಿಂದ ಗುಳ್ಳೆ ಏಳುವ, ಕಲೆ ಉಳಿಯುವ ಅಪಾಯವೂ ಹೆಚ್ಚು. ಚರ್ಮ ಕಂದಿದ್ದರೆ ದಿನಾಂಕ ಮುಂದಕ್ಕೆ ಹಾಕುವುದೇ ಸರಿ.

ನಾಲ್ಕನೆಯ ಹೆಜ್ಜೆ: ಪ್ಯಾಚ್ ಟೆಸ್ಟ್

ಪೂರ್ತಿ ಪ್ಯಾಕೇಜ್‌ಗೆ ಹಣ ಕಟ್ಟುವ ಮೊದಲು, ಚಿಕಿತ್ಸೆಯಾಗಬೇಕಾದ ಭಾಗದಲ್ಲೇ ಎದ್ದು ಕಾಣದ ಸಣ್ಣ ಜಾಗದ ಮೇಲೆ ಲೇಸರ್ ಹಾಯಿಸಿ ನೋಡುವಂತೆ ಕೇಳಬೇಕು. ಕಂದು ಚರ್ಮದಲ್ಲಿ ಬಣ್ಣದ ವ್ಯತ್ಯಾಸ ತಡವಾಗಿ ಕಾಣಿಸಿಕೊಳ್ಳಬಹುದಾದ್ದರಿಂದ ಅರ್ಧ ಗಂಟೆಯಲ್ಲಿ ನೋಡಿ 'ಏನೂ ಆಗಿಲ್ಲ' ಎನ್ನುವುದು ಸಾಲದು. ಕೆಲವು ದಿನವಾದರೂ ಕಾಯಬೇಕು. ಪ್ಯಾಚ್ ಟೆಸ್ಟ್ ಅನಗತ್ಯವೆಂದು ಅವಸರ ಮಾಡುವ ಕಡೆಯಿಂದ ಎದ್ದು ಬರುವುದೇ ಒಳಿತೆಂದು ನಾನು ಹೇಳುತ್ತೇನೆ.

ಚಿಕಿತ್ಸೆಯ ದಿನ

ಹಿಂದಿನ ದಿನ ಬೋಳಿಸಿಕೊಂಡು, ಆ ದಿನ ಕ್ರೀಮ್, ಮೇಕಪ್, ಸುಗಂಧ ಯಾವುದನ್ನೂ ಹಚ್ಚದೆ ಹೋಗಬೇಕು. ಬೋಳಿಸದೆ ಬಿಟ್ಟರೆ ಚರ್ಮದ ಮೇಲಿನ ಕೂದಲು ಉರಿದು ಚರ್ಮವನ್ನೇ ಸುಡುತ್ತದೆ.

ಮರಗಟ್ಟಿಸುವ ಕ್ರೀಮ್ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಲೇಸರ್ ಚಿಕಿತ್ಸೆಗೆಂದು ಇಂಥ ಕ್ರೀಮನ್ನು ಕಾಲುಗಳಿಗೆ ಬಳಿದು ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡಿದ್ದ, 22 ಮತ್ತು 25 ವರ್ಷದ ಇಬ್ಬರು ಯುವತಿಯರು ಅಮೆರಿಕದಲ್ಲಿ ಸಾವಿಗೀಡಾದ ಬಗ್ಗೆ ಎಫ್‌ಡಿಎ 2007ರಲ್ಲಿ ಎಚ್ಚರಿಕೆ ಹೊರಡಿಸಿತು. ಔಷಧ ಚರ್ಮದ ಮೂಲಕ ರಕ್ತಕ್ಕೆ ಸೇರಿ ಹೃದಯ ಮತ್ತು ಮಿದುಳನ್ನು ಬಾಧಿಸಬಲ್ಲದು. ವೈದ್ಯರು ಹೇಳಿದಷ್ಟೇ ಪ್ರಮಾಣ, ಹೇಳಿದಷ್ಟೇ ಜಾಗ, ಹೇಳಿದಷ್ಟೇ ಹೊತ್ತು. ಮನೆಯಲ್ಲೇ ಬಳಿದುಕೊಂಡು ಹೊರಡುವುದು ಸಲ್ಲದು.

ಕಣ್ಣಿಗೆ ಆ ಯಂತ್ರಕ್ಕೆಂದೇ ಮಾಡಿದ ರಕ್ಷಣಾ ಕನ್ನಡಕ ಹಾಕಿಸಿದ ಮೇಲೆಯೇ ಕೆಲಸ ಶುರುವಾಗಬೇಕು. ರೆಪ್ಪೆಯ ಮೇಲೆ, ಹುಬ್ಬಿನ ಕೆಳಗೆ ಲೇಸರ್ ಹಾಯಿಸಬಾರದು, ಕಣ್ಣಿನ ಪಾಪೆಗೆ ಹಾನಿಯಾಗುತ್ತದೆ. ಒಂದೊಂದು ಮಿಡಿತಕ್ಕೂ ರಬ್ಬರ್ ಬ್ಯಾಂಡನ್ನು ಎಳೆದು ಬಿಟ್ಟಂತೆ ಚುರುಕೆನ್ನುತ್ತದೆ, ಜೊತೆಗೆ ಕೂದಲು ಸುಟ್ಟ ವಾಸನೆ ಬರುತ್ತದೆ. ಇಷ್ಟು ಸಹಜ. ತಡೆಯಲಾರದ ಉರಿಯಾದರೆ ಕೂಡಲೇ ನಿಲ್ಲಿಸಲು ಹೇಳಬೇಕು, ಆ ಉರಿಯೇ ಚರ್ಮ ಕೊಡುವ ಸೂಚನೆ.

ಆಮೇಲೆ

ಕೆಲವೇ ನಿಮಿಷಗಳಲ್ಲಿ ಪ್ರತಿ ಕೂದಲಿನ ಬುಡದ ಸುತ್ತಲೂ ಚಳಿಗೆ ಮೈ ಜುಮ್ಮೆಂದಾಗ ಏಳುವಂಥ ಸಣ್ಣ ಕೆಂಪು ಉಬ್ಬುಗಳು ಕಾಣಿಸುತ್ತವೆ. ಇದು ಬೆಳಕು ಸರಿಯಾಗಿ ಬುಡಕ್ಕೆ ತಾಗಿದ ಗುರುತು. ತಣ್ಣನೆಯ ಬಟ್ಟೆ ಒತ್ತಿದರೆ ಒಂದೆರಡು ದಿನದೊಳಗೆ ಇಳಿಯುತ್ತದೆ. ಅಷ್ಟು ದಿನ ಬಿಸಿನೀರಿನ ಸ್ನಾನ, ಬೆವರಿಳಿಸುವ ವ್ಯಾಯಾಮ, ಬಿಗಿ ಬಟ್ಟೆ ಬೇಡ. ವಾರ ಕಳೆಯುವಷ್ಟರಲ್ಲಿ ಕಪ್ಪು ಚುಕ್ಕೆಗಳಂತೆ ಕೂದಲು ಮತ್ತೆ ಇಣುಕಿ, ಚಿಕಿತ್ಸೆ ವ್ಯರ್ಥವಾಯಿತೇನೋ ಎಂಬ ಕಳವಳ ಹುಟ್ಟಿಸುತ್ತದೆ. ಅದು ಬೆಳೆಯುತ್ತಿರುವ ಕೂದಲಲ್ಲ, ಸತ್ತ ಕೂದಲನ್ನು ಚರ್ಮ ಹೊರದೂಡುತ್ತಿರುವುದು. ಒಂದರಿಂದ ಮೂರು ವಾರಗಳಲ್ಲಿ, ಟವೆಲಿನಿಂದ ಮೈ ಒರೆಸಿಕೊಳ್ಳುವಾಗ ತಾನಾಗಿ ಉದುರುತ್ತದೆ. ಕೀಳಲು ಹೋಗಬಾರದು.

ನೀರುಗುಳ್ಳೆ ಎದ್ದರೆ, ಚರ್ಮ ಕಪ್ಪಾಗಿ ಅಥವಾ ಬಿಳುಚಿಕೊಂಡು ಹಾಗೇ ಉಳಿದರೆ, ಮುಂದಿನ ಸಿಟ್ಟಿಂಗ್‌ವರೆಗೆ ಕಾಯದೆ ವೈದ್ಯರಿಗೆ ತೋರಿಸಬೇಕು. ಕೆಲವರಲ್ಲಿ, ಅದರಲ್ಲೂ ಮುಖ ಮತ್ತು ಕತ್ತಿನ ಮೇಲೆ, ಚಿಕಿತ್ಸೆಯ ನಂತರ ಕೂದಲು ಇನ್ನೂ ಹೆಚ್ಚುವುದುಂಟು. ಮೂರು ನಾಲ್ಕು ಸಿಟ್ಟಿಂಗ್ ಕಳೆದರೂ ಕೂದಲು ಕಡಿಮೆಯಾಗದಿದ್ದರೆ ಅಥವಾ ದಟ್ಟವಾಗುತ್ತಿದ್ದರೆ, ಐದನೆಯದಕ್ಕೆ ಮಲಗುವ ಮೊದಲು ಯಂತ್ರ, ಶಕ್ತಿಯ ಮಟ್ಟ, ಹಾರ್ಮೋನ್ ಮೂರನ್ನೂ ವೈದ್ಯರೊಂದಿಗೆ ಕುಳಿತು ಮತ್ತೊಮ್ಮೆ ಪರಿಶೀಲಿಸಬೇಕು.