46 ಮೀಟರ್ ಹಗ್ಗದ ಮೇಲೆ ಭೂಮಿಯ ಚರಿತ್ರೆ

ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಇದನ್ನು ಕಣ್ಣಳತೆಗೆ ತರಲು 1 ಮೀಟರಿಗೆ 10 ಕೋಟಿ ವರ್ಷದಂತೆ ಹಗ್ಗ ಕಟ್ಟುವುದೇ ಸರಿಯಾದ ದಾರಿ. ಆಗ 1 ಸೆಂಟಿಮೀಟರ್ ಅಂದರೆ 10 ಲಕ್ಷ ವರ್ಷ, 1 ಮಿಲಿಮೀಟರ್ ಅಂದರೆ 1 ಲಕ್ಷ ವರ್ಷ.

47 ಮೀಟರ್ ಹತ್ತಿ ಹಗ್ಗ, ಉದ್ದನೆಯ ಅಳತೆ ಟೇಪು, ಬಟ್ಟೆಗೆ ಹಾಕುವ ಕ್ಲಿಪ್ಪುಗಳು, ಬಣ್ಣದ ಟೇಪು ಮತ್ತು ದಪ್ಪ ಕಾಗದದ ಚೀಟಿಗಳು ಇದ್ದರೆ ಸಾಕು. ನೈಲಾನ್ ಹಗ್ಗ ಬೇಡ, ಎಳೆದರೆ ಹಿಗ್ಗುತ್ತದೆ. ನೂರಕ್ಕೆ ಒಂದರಷ್ಟು ಹಿಗ್ಗಿದರೂ 46 ಸೆಂ.ಮೀ., ಅಂದರೆ 4.6 ಕೋಟಿ ವರ್ಷ ಏರುಪೇರು. 30 ಸೆಂ.ಮೀ. ಸ್ಕೇಲಿನಲ್ಲಿ ಅಳೆಯಲು ಹೋದರೆ 150ಕ್ಕೂ ಹೆಚ್ಚು ಸಲ ಎತ್ತಿಡಬೇಕು. ಪ್ರತಿ ಸಲ 2 ಮಿ.ಮೀ. ಒಂದೇ ಕಡೆಗೆ ಜಾರಿದರೆ ಕೊನೆಗೆ 3 ಕೋಟಿ ವರ್ಷ ತಪ್ಪಿರುತ್ತದೆ. ಗುರುತಿಗೆ ಗಂಟು ಹಾಕಬೇಡಿ, ಗಂಟು ಹಗ್ಗದ ಉದ್ದವನ್ನೇ ನುಂಗುತ್ತದೆ.

ಹಿಡಿಯಲು ಅರ್ಧ ಮೀಟರ್ ಬಿಟ್ಟು ‘ಇಂದು’ ಎಂದು ಸೊನ್ನೆ ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಅಳೆಯಿರಿ. ವಯಸ್ಸುಗಳೆಲ್ಲ ‘ಇಂದಿಗೆ ಇಷ್ಟು ವರ್ಷದ ಹಿಂದೆ’ ಎಂದೇ ಇರುವುದರಿಂದ ಕೂಡಿ ಕಳೆಯುವ ರಗಳೆ ಇಲ್ಲ. ಪುಸ್ತಕದಲ್ಲಿ ಮಿಲಿಯನ್ ಇದ್ದರೆ ಆ ಅಂಕಿಯೇ ಸೆಂಟಿಮೀಟರ್. ಬಿಲಿಯನ್ ಇದ್ದರೆ ಹತ್ತರಿಂದ ಗುಣಿಸಿ, ಅದು ಮೀಟರ್. ಬಿಲಿಯನ್ನನ್ನು 10 ಕೋಟಿ ಎಂದುಕೊಳ್ಳುವುದು ಎಲ್ಲರೂ ಎಡವುವ ಜಾಗ. ಅದು 100 ಕೋಟಿ.

ಈಗ ದೂರದ ತುದಿಗೆ ಹೋಗಿ. 45.67 ಮೀಟರಿನಲ್ಲಿ ಮೊದಲ ಕ್ಲಿಪ್ಪು: ಸೌರವ್ಯೂಹದ ಅತಿ ಹಳೆಯ ಗಟ್ಟಿ ಕಣಗಳು. ಉಲ್ಕಾಶಿಲೆಗಳಲ್ಲಿ ಬಿಳಿ ಚುಕ್ಕೆಗಳಾಗಿ ಉಳಿದಿರುವ ಇವುಗಳ ವಯಸ್ಸು ಗೊತ್ತಾಗುವುದು ಯುರೇನಿಯಂ ಎಷ್ಟು ಸೀಸವಾಗಿದೆ ಎಂಬ ಲೆಕ್ಕದಿಂದ. ಇಲ್ಲಿಂದ ಸುಮಾರು 44.5ರವರೆಗೆ ಕ್ಲಿಪ್ಪು ಹಾಕದೆ ಬಣ್ಣದ ಟೇಪು ಸುತ್ತಿ. ಭೂಮಿ ಒಂದೇ ಗಳಿಗೆಯಲ್ಲಿ ಹುಟ್ಟಿದ್ದಲ್ಲ. ಧೂಳು ಬಂಡೆಯಾಗಿ, ಬಂಡೆಗಳು ಒಂದಕ್ಕೊಂದು ಬಡಿದು ಬೆಳೆಯಲು ಕೋಟಿಗಟ್ಟಲೆ ವರ್ಷ ಹಿಡಿಯಿತು. ಕರಗಿದ ಕಬ್ಬಿಣ ಒಳಗೆ ಇಳಿದು ತಿರುಳಾಯಿತು. ಮಂಗಳದಷ್ಟು ದೊಡ್ಡ ಕಾಯವೊಂದು ಅಪ್ಪಳಿಸಿ ಸಿಡಿದ ಚೂರುಗಳಿಂದ ಚಂದ್ರ ಆದ. ಆ ಹೊಡೆತದ ಕಾಲದ ಅಂದಾಜುಗಳೇ ಬೇರೆ ಬೇರೆ ಇರುವುದರಿಂದ ಚಂದ್ರನಿಗೆ ಒಂದೇ ಬಿಂದು ಕೊಟ್ಟರೆ ಸುಳ್ಳು ನಿಖರತೆ ಆಗುತ್ತದೆ.

44 ಮೀಟರಿನ ಹತ್ತಿರದ ಕ್ಲಿಪ್ಪು ನನ್ನ ಮಟ್ಟಿಗೆ ಇಡೀ ಹಗ್ಗದಲ್ಲೇ ಅಚ್ಚರಿಯದು. ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್‌ನಲ್ಲಿ ಸಿಕ್ಕ ಸುಮಾರು 440 ಕೋಟಿ ವರ್ಷದ ಜಿರ್ಕಾನ್ ಹರಳು, ಮರಳಿನ ಕಾಳಿನಷ್ಟು. ಅಲ್ಲಿನ ಹಳೆಯ ಜಿರ್ಕಾನ್‌ಗಳಲ್ಲಿರುವ ಆಮ್ಲಜನಕದ ಐಸೊಟೋಪುಗಳು (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣುಗಳು) ಆಗಲೇ ದ್ರವರೂಪದ ನೀರಿತ್ತು ಎನ್ನುತ್ತವೆ. ಆಗಿನ ಸೂರ್ಯನ ಕಾವು ಇಂದಿಗಿಂತ ನೂರಕ್ಕೆ ಸುಮಾರು ಮೂವತ್ತರಷ್ಟು ಕಡಿಮೆ. ಕಾರ್ಬನ್ ಡೈಆಕ್ಸೈಡಿನಂಥ ಶಾಖ ಹಿಡಿದಿಡುವ ಅನಿಲಗಳು ಹೆಚ್ಚಿದ್ದುದರಿಂದ ನೀರು ಹೆಪ್ಪುಗಟ್ಟಿ ಉಳಿಯಲಿಲ್ಲ ಎಂಬುದು ಮುಖ್ಯ ವಿವರಣೆ.

34.8 ಮೀಟರಿಗೆ ಸ್ಟ್ರೊಮ್ಯಾಟೊಲೈಟ್: ಸೂಕ್ಷ್ಮಜೀವಿಗಳ ಪದರಗಳು ಕಲ್ಲಾದ ಗುರುತು. ಮುಂದೆ ಹತ್ತು ಮೀಟರ್ ನಡೆದರೂ ಗಾಳಿಯಲ್ಲಿ ಆಮ್ಲಜನಕ ಇಲ್ಲವೆನ್ನುವಷ್ಟು ಕಡಿಮೆ. ಬಿಸಿಲಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳಾದ ಸಯನೋಬ್ಯಾಕ್ಟೀರಿಯಾ ಬಿಡುತ್ತಿದ್ದ ಆಮ್ಲಜನಕವನ್ನು ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ಮತ್ತು ಜ್ವಾಲಾಮುಖಿಯ ಅನಿಲಗಳು ಹೀರಿಕೊಳ್ಳುತ್ತಿದ್ದವು. ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯುತ್ತಿತ್ತು. 24 ಮೀಟರಿನ ಆಸುಪಾಸಿನಲ್ಲಿ ಆಮ್ಲಜನಕ ಗಾಳಿಯಲ್ಲಿ ನಿಂತಿತು, ಆಮೇಲೆ ಓಝೋನ್ ಪದರವೂ ಮೂಡಿತು. ಅಲ್ಲಿಂದ ಮುಂದಿನ ಖಾಲಿ ಹಗ್ಗ ನೋಡಿ, ಏನಾದರೂ ತುಂಬಿಸೋಣ ಅನ್ನಿಸುತ್ತದೆ. ತುಂಬಿಸಬೇಡಿ, ಹಗ್ಗದ ಬೆಲೆಯೇ ಆ ಖಾಲಿಯಲ್ಲಿದೆ.

7.2ರಿಂದ 6.35 ಮೀಟರಿನ ನಡುವೆ ಭೂಮಿ ಎರಡು ಸಲ ಹೆಚ್ಚುಕಡಿಮೆ ಪೂರ್ತಿ ಹಿಮದಲ್ಲಿ ಮುಳುಗಿತ್ತು. 5.39ಕ್ಕೆ ಪ್ರಾಣಿಗಳ ಬಗೆಗಳು ಬೇಗಬೇಗ ಹೆಚ್ಚಿದ ಕೇಂಬ್ರಿಯನ್ ಯುಗ ಶುರು, 4.7ರ ಹೊತ್ತಿಗೆ ನೆಲದ ಮೇಲೆ ಸಸ್ಯ, 2.52ಕ್ಕೆ ಪರ್ಮಿಯನ್ ಯುಗದ ಅಂತ್ಯದಲ್ಲಿ ಬಹುಪಾಲು ಜೀವಿಗಳು ಅಳಿದ ಮಹಾವಿನಾಶ, 66 ಸೆಂ.ಮೀ.ಗೆ ಡೈನೋಸಾರ್‌ಗಳ ಕೊನೆ.

ಈ ಭಾಗದಲ್ಲಿ ಚೀಟಿಗಳು ಒಂದರ ಮೇಲೊಂದು ಬೀಳುತ್ತವೆ. ಒಂದೊಂದನ್ನು ಒಂದೊಂದು ಉದ್ದದ ದಾರದಲ್ಲಿ ಇಳಿಬಿಡಿ. ನಮ್ಮ ಮನುಷ್ಯ ಜಾತಿ, ಹೋಮೋ ಸೇಪಿಯನ್ಸ್, ಬರುವುದು 3 ಮಿ.ಮೀ.ಗೆ. ಕ್ಲಿಪ್ಪಿನ ಅಗಲವೇ ಸುಮಾರು 1 ಸೆಂ.ಮೀ. ಇರುವುದರಿಂದ ಅಲ್ಲಿ ಗುಂಡುಸೂಜಿ ಚುಚ್ಚಿ. ಬೇಸಾಯದ ಹನ್ನೆರಡು ಸಾವಿರ ವರ್ಷ ಸೂಜಿಯ ದಪ್ಪಕ್ಕೂ ಸಾಲದು. ಅದನ್ನು ಅದೇ ಚೀಟಿಯಲ್ಲಿ ಬರೆದುಬಿಡಿ.